72 ಗಂಟೆಯ ಮಾತು ಒಂಬತ್ತನೇ ಪ್ಯಾರಾದಲ್ಲಿತ್ತು

ಒಂದು ನವೆಂಬರಿನ ಮಾತು. ಕೊಯ್ದ ರಾಗಿ ಹೊಲದಲ್ಲೇ ಅರಿ ಬಿದ್ದಿದ್ದಾಗ ಎರಡು ದಿನ ಬಿಡದೆ ಮಳೆ ಹೊಯ್ತು. ತೆನೆ ಅಲ್ಲೇ ಮೊಳಕೆ ಒಡೆಯಿತು. ವಾರ ಕಳೆದ ಮೇಲೆ ನಮ್ಮೂರಿನ ಹಿರಿಯರೊಬ್ಬರು ನಮ್ಮಲ್ಲೊಬ್ಬನನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದರು: "ಬೆಳೆ ವಿಮೆ ಬಗ್ಗೆ ನೀವು ಬರೆದಿದ್ದನ್ನ ನಾನೂ ಓದಿದ್ದೆ ಕಣಪ್ಪ. ಮೂರು ದಿನದೊಳಗೆ ತಿಳಿಸಬೇಕು ಅಂತ ಅದರಲ್ಲಿ ಎಲ್ಲಿತ್ತು?"

ಇತ್ತು. ಒಂಬತ್ತನೇ ಪ್ಯಾರಾದಲ್ಲಿತ್ತು. ಅವರು ಮೂರನೆಯದಕ್ಕೇ ಫೋನು ಜೇಬಿಗೆ ಹಾಕಿಕೊಂಡಿದ್ದರು. ವಿಮೆ ಕಂತು ಕಟ್ಟಿದ್ದರು, ಆದರೆ ತಿಳಿಸುವ ಗಡುವು ಮುಗಿದುಹೋಗಿತ್ತು.

ಆ ಲೇಖನವನ್ನು ಮತ್ತೆ ತೆಗೆದು ಓದಿದೆವು. ಮೊದಲ ಪ್ಯಾರಾದಲ್ಲಿ 'ರೈತ ದೇಶದ ಬೆನ್ನೆಲುಬು'. ಎರಡನೆಯದರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಶುರುವಾದ ಕಥೆ. ಮೂರನೆಯದರಲ್ಲಿ 'ಅಧಿಸೂಚಿತ ಬೆಳೆ', 'ಸ್ಥಳ ನಿರ್ದಿಷ್ಟ ಪ್ರಕೃತಿ ವಿಕೋಪ' ಎಂಬ ಇಲಾಖೆಯ ಮಾತುಗಳು, ಪ್ರಕಟಣೆಯಿಂದ ಹಾಗ್ಹಾಗೇ ಎತ್ತಿಟ್ಟವು. ಬರೆದವರು ನಾವೇ ಆದರೂ ನಮಗೇ ಆಕಳಿಕೆ ಬಂತು.

ಬರಹ ಓದಿಸಿಕೊಂಡು ಹೋಗಬೇಕು ಎಂದು ಬರೆಯುವ ಗೆಳೆಯರೆಲ್ಲ ಹೇಳುತ್ತಾರೆ. ಹಾಗೆಂದು ಕೆಲವರು 'ಇದನ್ನು ನೋಡಿದರೆ ಬೆಚ್ಚಿಬೀಳ್ತೀರಿ' ಎಂದು ತಲೆಬರಹ ಕೊಡುತ್ತಾರೆ. ಒಮ್ಮೆ ಒತ್ತಿ ಮೋಸಹೋದ ಓದುಗ ಎರಡನೇ ಸಲ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ನಮ್ಮ ಅಭಿಪ್ರಾಯ ಇಷ್ಟೇ: ಓದುಗ ಇವತ್ತು ಮಾಡಬೇಕಾದ ಕೆಲಸ ಯಾವುದೋ ಅದು ಮೊದಲ ನಾಲ್ಕು ಸಾಲಿನಲ್ಲಿ ಸಿಗಬೇಕು.

ನಮ್ಮ ಲೇಖನ ಹೀಗೆ ಶುರುವಾಗಬೇಕಿತ್ತು: "ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ರಾಗಿ ಅಕಾಲದ ಮಳೆಗೆ ಹಾಳಾಯಿತೇ? ವಿಮೆ ಕಟ್ಟಿದ್ದೀರಾ? ಕೊಯ್ದು 14 ದಿನ ದಾಟಿಲ್ಲವೇ? ಹಾಗಿದ್ದರೆ 72 ಗಂಟೆಯೊಳಗೆ ತಿಳಿಸಿ. ಸಹಾಯವಾಣಿ 14447." ಇಷ್ಟೇ. ಬೆನ್ನೆಲುಬಿನ ಮಾತು ಬಿಟ್ಟರೂ ನಡೆಯುತ್ತಿತ್ತು.

ಎಲ್ಲವನ್ನೂ ಮೇಲೆಯೇ ಹೇಳಿಬಿಟ್ಟರೆ ಕೆಳಗಿನದನ್ನು ಯಾರು ಓದುತ್ತಾರೆ ಎಂದು ನಮ್ಮೊಳಗೇ ಜಗಳವಾಯಿತು. ರಾಗಿ ಮೊಳಕೆ ಒಡೆದವನು ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದುತ್ತಾನೆ. ಅವನಿಗೆ ಬೇಡವಾದದ್ದನ್ನು ಓದಿಸಲು ಹೊರಟಿದ್ದೇ ನಮ್ಮ ತಪ್ಪು. ನಮ್ಮ ಓದುಗರು ಕುರ್ಚಿಯಲ್ಲಿ ಕೂತು ಓದುವವರಲ್ಲ. ಹಾಲಿನ ಡೇರಿಯ ಸಾಲಿನಲ್ಲಿ, ಮೋಟಾರು ಹಾಕಿ ಕರೆಂಟಿಗೆ ಕಾಯುವಾಗ, ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಓದುವವರು. ಎಷ್ಟೋ ಮನೆಗಳಲ್ಲಿ ಮಗಳು ಓದುತ್ತಾಳೆ, ಅಪ್ಪ ಕೇಳಿಸಿಕೊಳ್ಳುತ್ತಾರೆ.

ಅಂಕಿಯ ವಿಷಯದಲ್ಲೂ ನಾವು ಎಡವಿದ್ದೇವೆ. 'ಮುಂಗಾರು ಆಹಾರ ಧಾನ್ಯಕ್ಕೆ ವಿಮಾ ಮೊತ್ತದ ಶೇ 2ರಷ್ಟು ಕಂತು' ಎಂದು ಬರೆದು ಸುಮ್ಮನಾಗುತ್ತೇವೆ. ವಿಮಾ ಮೊತ್ತ 20,000 ರೂಪಾಯಿ ಎಂದುಕೊಂಡರೆ ರೈತ ಕಟ್ಟುವುದು 400 ರೂಪಾಯಿ ಎಂದರೆ ತಲೆಗೆ ಹೋಗುತ್ತದೆ. ಇಲಾಖೆ ಹೆಕ್ಟೇರ್ ಎನ್ನುತ್ತದೆ, ನಮ್ಮೂರು ಎಕರೆ, ಗುಂಟೆ ಎನ್ನುತ್ತದೆ. ಒಂದು ಹೆಕ್ಟೇರಿಗೆ ಸುಮಾರು ಎರಡೂವರೆ ಎಕರೆ ಎಂಬ ಲೆಕ್ಕವನ್ನು ಬರೆಯುವವರೇ ಮಾಡಿ ಕೊಡಬೇಕು.

ವಿಷಯ ಒಣಗಿದ್ದಾದರೆ ಏನು ಮಾಡುವುದು? ತೇಜಸ್ವಿಯವರ 'ಕರ್ವಾಲೊ' ನೆನೆಯಿರಿ. ಹಾರುವ ಓತಿಯ ಹಿಂದೆ ಹೊರಟ ವಿಜ್ಞಾನಿಯ ಕಥೆಯನ್ನು ವಿಜ್ಞಾನ ಓದದವರೂ ಓದಿದ್ದಾರೆ, ಯಾಕೆಂದರೆ ಅದರಲ್ಲಿ ಮಂದಣ್ಣ ಇದ್ದಾನೆ. ಪುತ್ತೂರಿನಿಂದ 1988ರಿಂದ ಬರುತ್ತಿರುವ 'ಅಡಿಕೆ ಪತ್ರಿಕೆ'ಯಲ್ಲಿ ಕೃಷಿಕರೇ ಬರೆಯುತ್ತಾರೆ. ಗಿಡ ಎಲ್ಲಿಂದ ತಂದೆ, ಎಷ್ಟು ಖರ್ಚಾಯಿತು, ಎಲ್ಲಿ ಕೈಸುಟ್ಟುಕೊಂಡೆ ಎಂಬ ಪ್ರಶ್ನೆಗಳು ಇನ್ನೊಬ್ಬ ಕೃಷಿಕನಿಗೆ ಹೊಳೆದಂತೆ ನಮಗೆ ಹೊಳೆಯುವುದಿಲ್ಲ. ಆದ್ದರಿಂದ ನಾವು ಹೊಲಕ್ಕೆ ಹೋಗಿ ಕೇಳಬೇಕು. ಗೆದ್ದವರನ್ನು ಮಾತ್ರವಲ್ಲ, ಸೋತವರನ್ನೂ ಕೇಳಬೇಕು. 'ಎಕರೆಗೆ ಲಕ್ಷ ಲಕ್ಷ ಆದಾಯ' ಎಂದು ಬರೆದು, ಅದನ್ನು ನಂಬಿ ಒಬ್ಬರು ಸಾಲ ಮಾಡಿದರೆ ಆ ಪಾಪ ನಮ್ಮ ಲೇಖನಿಯದೂ ಹೌದು.

ಈಗ ನಮ್ಮಲ್ಲಿ ಒಂದು ರೂಢಿ ಇದೆ. ಬರೆದದ್ದನ್ನು ಹಾಕುವ ಮೊದಲು ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಗಟ್ಟಿಯಾಗಿ ಓದಿ ಹೇಳುತ್ತೇವೆ. "ಅಂದ್ರೆ?" ಎಂದು ಎಲ್ಲಿ ಕೇಳುತ್ತಾರೋ ಆ ಸಾಲು ಬದಲಾಗುತ್ತದೆ. ಎಲ್ಲಿ ಎದ್ದು ಒಲೆ ಕಡೆ ಹೋಗುತ್ತಾರೋ ಅಲ್ಲಿಂದ ಮುಂದಿನದನ್ನು ಹೊಡೆದುಹಾಕುತ್ತೇವೆ. 'ಅಧಿಸೂಚಿತ ಬೆಳೆ' ಹೀಗೆಯೇ 'ನಿಮ್ಮ ಹೋಬಳಿ ಅಥವಾ ಪಂಚಾಯಿತಿಗೆ ವಿಮೆ ಇರುವ ಬೆಳೆ' ಆಯಿತು. ಸಾಲು ಉದ್ದವಾಯಿತು, ನಿಜ. ಆದರೆ ಅಜ್ಜಿ ಮತ್ತೆ "ಅಂದ್ರೆ?" ಎನ್ನಲಿಲ್ಲ.

ಜೊತೆಗೆ ಬರೆಯುವ ಗೆಳೆಯರಿಗೆ ನಮ್ಮ ಕೋರಿಕೆ ಒಂದೇ: ಈ ಸಲ ಬರೆದದ್ದರಲ್ಲಿ ಓದುಗನಿಗೆ ತೀರಾ ಬೇಕಾದ ಸಾಲು ಎಷ್ಟನೇ ಪ್ಯಾರಾದಲ್ಲಿದೆ ಎಂದು ಎಣಿಸಿ ನೋಡಿ. ಓದುವ ನೀವೂ ಅಷ್ಟೇ. ನಮ್ಮ ಬರಹವನ್ನು ಎಲ್ಲಿ ಬಿಟ್ಟು ಎದ್ದಿರಿ ಎಂದು ಸಂಕೋಚ ಇಲ್ಲದೆ ಹೇಳಿ. ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದರೂ ಸರಿ.