ನಾನು ಕೆಂಪು ಶಾಯಿಯಲ್ಲಿ ಹೊಡೆದ ಒಂದು ಪದ

ಬೋಧನಾಭ್ಯಾಸದ ಆರನೇ ವಾರ. ದೇವನಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆ. ಎಂಟನೇ ತರಗತಿಗೆ ರೂಪಪರಿವರ್ತನೆಯ ಪಾಠ ಮುಗಿಸಿದ್ದೆ. ಕಪ್ಪೆಯ ಜೊತೆಗೆ ರೇಷ್ಮೆ ಹುಳುವಿನ ಜೀವನಚಕ್ರವನ್ನೂ ಚಾರ್ಟ್ ತೋರಿಸಿ ಹೇಳಿದ್ದೆ. ‘ರೇಷ್ಮೆ ಹುಳುವಿನ ಬಗ್ಗೆ ನಿಮಗೆ ತಿಳಿದಿರುವಂತೆ ಐದು ವಾಕ್ಯ ಬರೆಯಿರಿ’ ಎಂದು ಮನೆಗೆಲಸ ಕೊಟ್ಟಿದ್ದೆ.

ಮರುದಿನ ಮೇಜಿನ ಮೇಲೆ 42 ನೋಟ್‌ಬುಕ್‌ಗಳಿದ್ದವು. ನನಗಿದ್ದದ್ದು ಒಂದೇ ಬಿಡುವಿನ ಅವಧಿ, ಅಂದರೆ ಒಂದು ಪುಸ್ತಕಕ್ಕೆ ಒಂದು ನಿಮಿಷವೂ ಇಲ್ಲ. ಕೆಂಪು ಪೆನ್ನು ಓಡಿತು. ಒಬ್ಬ ಹುಡುಗಿ ಬರೆದಿದ್ದಳು: ‘ಹುಳ ನಾಕು ಸಲ ಜ್ವರಕ್ಕೆ ಕೂತ್ಕಳುತ್ತೆ. ಆವಾಗ ಸೊಪ್ಪು ಹಾಕಬಾರ್ದು.’ ನಾನು ‘ನಾಕು’ ಎಂಬುದನ್ನು ‘ನಾಲ್ಕು’ ಮಾಡಿದೆ. ‘ಜ್ವರ’ಕ್ಕೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಇದು ರೋಗದ ಪಾಠವಲ್ಲ, ಕೇಳಿದ್ದನ್ನಷ್ಟೇ ಬರೆ’ ಎಂದು ಬರೆದೆ. ಕೇಳಿದ್ದು ‘ನಿಮಗೆ ತಿಳಿದಿರುವಂತೆ’ ಎಂದು. ಅದು ಆಗ ನನಗೇ ನೆನಪಾಗಲಿಲ್ಲ.

ಎರಡು ದಿನ ಕಳೆದು ವಿಜಯಪುರದ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಫೋನಿನಲ್ಲಿ ಜೋರಾಗಿ ಹೇಳುತ್ತಿದ್ದರು: ‘ಮೂರ್ನೇ ಜ್ವರ ಎದ್ದವೆ, ಸಾಯಂಕಾಲಕ್ಕೆ ಸೊಪ್ಪು ಕೊಯ್ದಾಕು.’ ಎದೆ ಧಸಕ್ಕೆಂದಿತು. ಫೋನು ಇಟ್ಟ ಮೇಲೆ ಕೇಳಿದೆ. ‘ಜ್ವರ ಅಂದ್ರೆ ಕಾಯ್ಲೆ ಅಲ್ಲ ಕಣಮ್ಮ, ಹುಳ ಪೊರೆ ಬಿಡೋದು’ ಎಂದು ನಕ್ಕರು.

ನಾನು ನೆಲಮಂಗಲದ ಪೇಟೆಯಲ್ಲಿ ಬೆಳೆದವಳು. ರೇಷ್ಮೆ ಹುಳುವನ್ನು ಕಂಡದ್ದು ಚಿತ್ರದಲ್ಲಿ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ್ದೇನೆ. ಹುಳು ನಾಲ್ಕು ಸಲ ಪೊರೆ ಕಳಚುತ್ತದೆ, ಹೀಗಾಗಿ ಅದಕ್ಕೆ ಐದು ಹಂತಗಳು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇನೆ. ಅದೇ ನಾಲ್ಕು ಸಲವನ್ನು ಹುಡುಗಿ ತನ್ನ ಮನೆಯ ಮಾತಿನಲ್ಲಿ ಬರೆದಾಗ ಗುರುತು ಹಿಡಿಯಲಿಲ್ಲ. ಅವಳ ಮಾತಿನಲ್ಲಿ ನನ್ನ ಉತ್ತರದಲ್ಲಿ ಇಲ್ಲದ್ದೂ ಇತ್ತು. ಪೊರೆ ಬಿಡುವ ಮುನ್ನ ಹುಳು ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿ, ಅಲುಗಾಡದೆ ಹೆಚ್ಚುಕಡಿಮೆ ಒಂದು ದಿನ ಇರುತ್ತದೆ. ಜ್ವರ ಬಂದ ಮನುಷ್ಯನೂ ಹಾಗೆಯೇ ಅಲ್ಲವೇ? ಆಗ ಸೊಪ್ಪು ಹಾಕಿದರೆ ವ್ಯರ್ಥ. ಹಾಸಿಗೆ ಒಣಗಿರಲಿ ಎಂದು ಸುಣ್ಣದ ಪುಡಿ ಉದುರಿಸುತ್ತಾರೆ. ‘ಜ್ವರ’ ಎಂಬ ಒಂದೇ ಪದದಲ್ಲಿ ನೋಡಿದ್ದೂ ಇದೆ, ಮಾಡಬೇಕಾದ್ದೂ ಇದೆ. ಗೂಡು ಕಟ್ಟಲು ಸಿದ್ಧವಾದ ಹುಳುವಿಗೆ ‘ಹಣ್ಣಾಗಿದೆ’ ಎನ್ನುತ್ತಾರೆ. ಅದನ್ನು ಬಿಡುವ ಬಿದಿರಿನ ತಟ್ಟೆ ‘ಚಂದ್ರಿಕೆ’. ಈ ಪದಗಳು ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆ ಇರುವ ವಿಜಯಪುರದ ಪಕ್ಕದಲ್ಲೇ ನಿಂತು ನಾನು ಚಾರ್ಟಿನ ಹುಳುವನ್ನು ತೋರಿಸುತ್ತಿದ್ದೆ.

ಮರುದಿನ ಆ ನೋಟ್‌ಬುಕ್ ಕೇಳಿ ತರಿಸಿಕೊಂಡೆ. ನನ್ನ ತಿದ್ದುಪಡಿಯ ಕೆಳಗೆ ಅವಳು ಪಠ್ಯಪುಸ್ತಕದ ವಾಕ್ಯಗಳನ್ನು ದುಂಡಗೆ ನಕಲು ಮಾಡಿದ್ದಳು. ಅದರ ಕೆಳಗೆ ನನ್ನದೇ ಅಕ್ಷರದಲ್ಲಿ ‘ಉತ್ತಮ’ ಎಂದಿತ್ತು. ನನಗೆ ಹೆಚ್ಚು ಚುಚ್ಚಿದ್ದು ಅದು. ಅವಳು ಜಗಳವಾಡಲಿಲ್ಲ, ‘ಮಿಸ್, ನಮ್ಮನೇಲಿ ಹಂಗೇ ಅಂತಾರೆ’ ಎನ್ನಲಿಲ್ಲ. ಮನೆಯಲ್ಲಿ ಕಂಡದ್ದು ವಿಜ್ಞಾನವಲ್ಲ ಎಂದು ಒಪ್ಪಿಕೊಂಡಳು. ಅದನ್ನು ಕಲಿಸಿದವಳು ನಾನು.

ನೋಟ್‌ಬುಕ್ ತಿದ್ದುವುದನ್ನು ನಾವು ಗುಮಾಸ್ತರ ಕೆಲಸದಂತೆ ಮಾಡುತ್ತೇವೆ. ಅದು ನಿಜವಾಗಿ ಸಂಪಾದಕರ ಕೆಲಸ ಎಂದು ನನಗೀಗ ಅನಿಸುತ್ತದೆ. ಡಿ.ಎಲ್. ನರಸಿಂಹಾಚಾರ್ ಅವರಂಥ ವಿದ್ವಾಂಸರು ಹಳಗನ್ನಡ ಗ್ರಂಥಗಳನ್ನು ಸಂಪಾದಿಸಿದ ಕ್ರಮದ ಬಗ್ಗೆ ಕನ್ನಡ ಬೋಧನೆ ಆಯ್ದುಕೊಂಡ ಗೆಳತಿಯೊಬ್ಬಳು ಹೇಳಿದಳು. ಓಲೆಗರಿಯನ್ನು ನಕಲು ಮಾಡುವ ಲಿಪಿಕಾರ ತನಗೆ ಅರ್ಥವಾಗದ ಪದ ಬಂದರೆ ಗೊತ್ತಿರುವ ಸುಲಭ ಪದವನ್ನು ಹಾಕಿಬಿಡುತ್ತಿದ್ದ. ಸಂಪಾದಕ ಹಾಗೆ ಮಾಡುವಂತಿಲ್ಲ. ವಿಚಿತ್ರವಾಗಿ ಕಾಣುವ ಪದದ ಎದುರು ನಿಂತು, ಇದು ತಪ್ಪೋ ಅಥವಾ ನನಗೆ ಗೊತ್ತಿಲ್ಲದ್ದೋ ಎಂದು ಕೇಳಿಕೊಳ್ಳಬೇಕು. ಆ ದಿನ ನಾನು ಸಂಪಾದಕಿಯಾಗಿರಲಿಲ್ಲ, ಅವಸರದ ಲಿಪಿಕಾರಳಾಗಿದ್ದೆ.

ತಪ್ಪನ್ನು ತಿದ್ದಲೇಬಾರದು ಎಂದು ನಾನು ಹೇಳುತ್ತಿಲ್ಲ. ಅದೇ ತರಗತಿಯ ಇನ್ನೊಬ್ಬ ‘ಗೂಡಿನಿಂದ ಹುಳು ಹೊರಗೆ ಬರುತ್ತದೆ’ ಎಂದು ಬರೆದಿದ್ದ. ಹೊರಬರುವುದು ಚಿಟ್ಟೆ, ಅದನ್ನು ತಿದ್ದದಿದ್ದರೆ ರೂಪಪರಿವರ್ತನೆಯ ಪಾಠವೇ ವ್ಯರ್ಥ. ಪರೀಕ್ಷೆಯಲ್ಲಿ ‘ಪೊರೆ ಕಳಚುವಿಕೆ’ ಎಂದೇ ಬರೆಯಬೇಕು, ಅದನ್ನೂ ಕಲಿಸಬೇಕು. ಆದರೆ ಹೊಸ ಪದವನ್ನು ಹಳೆಯ ಪದದ ಪಕ್ಕದಲ್ಲಿ ಇಡಬಹುದು. ಹಳೆಯದನ್ನು ಹೊಡೆದೇ ಇಡಬೇಕಾಗಿಲ್ಲ.

‘ಅಷ್ಟು ಪುರುಸೊತ್ತು ಎಲ್ಲಿದೆ?’ ಎಂದು ನೀವು ಕೇಳುವುದು ನ್ಯಾಯವೇ. ವೀಕ್ಷಣೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದೂ ಎಷ್ಟು ಪುಸ್ತಕ ತಿದ್ದಿದ್ದೇವೆ ಎಂಬುದೇ. ನಾನು ಈಗ ಮಾಡುತ್ತಿರುವುದು ಇಷ್ಟು. ದಿನಕ್ಕೆ ಎಂಟು ಪುಸ್ತಕಗಳನ್ನು ಮಾತ್ರ ಪೆನ್ನು ಕೆಳಗಿಟ್ಟು ಪೂರ್ತಿ ಓದುತ್ತೇನೆ. ವಾರದಲ್ಲಿ ಎಲ್ಲರ ಸರದಿಯೂ ಬರುತ್ತದೆ. ಅರ್ಥವಾಗದ ಪದಕ್ಕೆ ಪೆನ್ಸಿಲ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಬರೆದವರನ್ನೇ ಕೇಳುತ್ತೇನೆ. ಕಪ್ಪುಹಲಗೆಯ ಒಂದು ಅಂಚಿನಲ್ಲಿ ‘ಮನೆಯ ಮಾತು’, ‘ಪುಸ್ತಕದ ಮಾತು’ ಎಂದು ಎರಡು ಕಾಲಂ ಇದೆ.

ಇನ್ನೊಂದು ಮಾತು ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ಆ ಪದವನ್ನು ಹೊಡೆದ ಸಂಜೆ ನನ್ನ ದಿನಚರಿಯಲ್ಲಿ ಬರೆದದ್ದು: ‘ಪಾಠದ ಉದ್ದೇಶಗಳು ಈಡೇರಿದವು. ವಿದ್ಯಾರ್ಥಿಗಳು ಆಸಕ್ತಿಯಿಂದ ಭಾಗವಹಿಸಿದರು.’ ನಿಮ್ಮ ದಿನಚರಿಯಲ್ಲೂ ಈ ವಾಕ್ಯ ಇದೆ. ಸೀನಿಯರ್‌ಗಳ ದಿನಚರಿಯಿಂದ ಬಂದದ್ದು ತಾನೇ? ಹುಡುಗಿ ಪಠ್ಯಪುಸ್ತಕವನ್ನು ನಕಲು ಮಾಡಿದಳು, ನಾನು ಸೀನಿಯರ್‌ಗಳನ್ನು. ಇಬ್ಬರಿಗೂ ‘ಉತ್ತಮ’ ಸಿಕ್ಕಿತು. ಇಪ್ಪತ್ತು ವಾರಗಳ ಇಂಟರ್ನ್‌ಶಿಪ್‌ನ ಕೊನೆಗೆ ನಮ್ಮ ಕೈಯಲ್ಲಿ ದಪ್ಪನೆಯ ದಿನಚರಿ ಇರುತ್ತದೆ, ಅದರಲ್ಲಿ ನಾವೇ ಇರುವುದಿಲ್ಲ. ದಿನಕ್ಕೆ ಒಂದು ವಾಕ್ಯವಾದರೂ ಆ ತರಗತಿಯಲ್ಲಿ ಆ ದಿನ ನಿಂತವರು ಮಾತ್ರ ಬರೆಯಬಹುದಾದದ್ದು ಇರಲಿ. ಮಾರ್ಗದರ್ಶಕ ಉಪನ್ಯಾಸಕರೂ ಅದನ್ನೇ ಹುಡುಕಿ ಓದಲಿ ಎಂದು ಕೇಳಿಕೊಳ್ಳುತ್ತೇನೆ.

ಕೊನೆಗೆ ಆ ಹುಡುಗಿಯನ್ನು ಕರೆದು, ತಪ್ಪು ನನ್ನದು ಎಂದು ತರಗತಿಯ ಮುಂದೆಯೇ ಹೇಳಿದೆ. ಜ್ವರದ ಬಗ್ಗೆ ಎಲ್ಲರಿಗೂ ಹೇಳು ಎಂದೆ. ಮೊದಲು ತಲೆ ತಗ್ಗಿಸಿದಳು, ಆಮೇಲೆ ಹತ್ತು ನಿಮಿಷ ಮಾತಾಡಿದಳು. ಹಿಂದಿನ ಬೆಂಚಿನಿಂದ ಇಬ್ಬರು ಅವಳನ್ನೇ ತಿದ್ದಿದರು. ಅವರ ಮನೆಯಲ್ಲೂ ಹುಳು ಸಾಕುತ್ತಾರಂತೆ.