ಕೊನೆಯನ್ನು ಬದಲಾಯಿಸಿ ಬರೆಯಿರಿ

ನನ್ನ ತರಗತಿಯಲ್ಲಿ ಕುಳಿತವರಲ್ಲಿ ಅನೇಕರಿಗೆ ಒಂದು ಮನೆಗೆಲಸ ನೆನಪಿರಬಹುದು. ಎಂಟನೆಯ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ, ಅವರು ಚಿಕ್ಕ ಶಾಲೆಯಲ್ಲಿ ಕಲಿತಿದ್ದ ಗೋವಿನ ಹಾಡನ್ನು ನೆನಪಿಸಿ, ‘ಈ ಕಥೆಯ ಕೊನೆಯನ್ನು ಬದಲಾಯಿಸಿ ನಿಮ್ಮದೇ ಮಾತುಗಳಲ್ಲಿ ಬರೆಯಿರಿ’ ಎಂದು ಕೊಡುತ್ತಿದ್ದೆ. ಹುಲಿ ಸಾಯುವುದು ಯಾರಿಗೂ ಒಪ್ಪಿಗೆಯಿರಲಿಲ್ಲ. ಒಬ್ಬ ಅದಕ್ಕೆ ಹುಲ್ಲು ತಿನ್ನುವುದನ್ನು ಕಲಿಸಿದ. ಇನ್ನೊಬ್ಬಳು ಅದನ್ನು ಕುದುರೆಮುಖದ ಕಾಡಿಗೆ ಕಳುಹಿಸಿಕೊಟ್ಟಳು. ಬೆಳ್ತಂಗಡಿ ಕಡೆಯ ಒಬ್ಬ ಮಹಾನುಭಾವ ಅದನ್ನು ಧರ್ಮಸ್ಥಳದ ಅನ್ನಛತ್ರದ ಪಂಕ್ತಿಯಲ್ಲಿ ಕೂರಿಸಿ ಊಟ ಹಾಕಿಸಿದ್ದ! ನಾನು ನಕ್ಕು, ಎಲ್ಲರಿಗೂ ಧಾರಾಳವಾಗಿ ಅಂಕ ಕೊಡುತ್ತಿದ್ದೆ.

ಈ ಮನೆಗೆಲಸ ನೆನಪಾದುದು ಅಮೆರಿಕದ ಲೇಖಕಿ ಆ್ಯನಿ ಪ್ರೂ ಅವರ ಒಂದು ಸಂದರ್ಶನದಿಂದ. ಅವರ ‘ಬ್ರೋಕ್‌ಬ್ಯಾಕ್ ಮೌಂಟನ್’ ಎಂಬ ಕಥೆ 1997ರ ಅಕ್ಟೋಬರದಲ್ಲಿ ‘ದ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬಂದಿತು. ವಯೋಮಿಂಗ್ ಪ್ರಾಂತ್ಯದ ಗುಡ್ಡವೊಂದರಲ್ಲಿ 1963ರ ಬೇಸಗೆಯಲ್ಲಿ ಕುರಿ ಕಾಯಲು ಹೋದ ಇಬ್ಬರು ಬಡ ಹುಡುಗರು, ಎನಿಸ್ ಮತ್ತು ಜ್ಯಾಕ್, ಪರಸ್ಪರ ಪ್ರೀತಿಸುತ್ತಾರೆ. ಅದನ್ನು ಏನೆಂದು ಕರೆಯಬೇಕೆಂಬುದೂ ಅವರಿಗೆ ಗೊತ್ತಿಲ್ಲ. ಇಬ್ಬರೂ ಊರಿಗೆ ಮರಳಿ ಮದುವೆಯಾಗಿ ಮಕ್ಕಳೊಂದಿಗರಾಗುತ್ತಾರೆ. ಆದರೆ ವರ್ಷಕ್ಕೆ ಒಂದೋ ಎರಡೋ ಸಲ ಮೀನು ಹಿಡಿಯುವ ನೆಪದಲ್ಲಿ ಸೇರುವುದು ಇಪ್ಪತ್ತು ವರ್ಷ ನಡೆಯುತ್ತದೆ. ಒಟ್ಟಿಗೆ ಬದುಕೋಣ ಎಂದು ಜ್ಯಾಕ್ ಕೇಳಿದರೆ ಎನಿಸ್ ಒಪ್ಪುವುದಿಲ್ಲ. ಹಾಗೆ ಬದುಕಿದ ಒಬ್ಬ ಮುದುಕನನ್ನು ಊರವರು ಕೊಂದುಹಾಕಿದ್ದರು, ಆ ಹೆಣವನ್ನು ಬಾಲ್ಯದಲ್ಲಿ ಅಪ್ಪನೇ ಎನಿಸ್‌ಗೆ ಕರೆದೊಯ್ದು ತೋರಿಸಿದ್ದ. ಕೊನೆಗೆ ಜ್ಯಾಕ್ ಸಾಯುತ್ತಾನೆ. ಟಯರು ಸಿಡಿದು ಸತ್ತ ಎನ್ನುತ್ತಾಳೆ ಹೆಂಡತಿ. ಹೊಡೆದು ಕೊಂದರು ಎಂದು ಎನಿಸ್‌ನ ಮನಸ್ಸು ಹೇಳುತ್ತದೆ. ಜ್ಯಾಕ್‌ನ ಹಳೆಯ ಮನೆಯ ಕಪಾಟಿನಲ್ಲಿ ಎನಿಸ್‌ಗೆ ಸಿಗುವುದು ಎರಡು ಅಂಗಿಗಳು: ಬಹಳ ಹಿಂದೆ ಕಳೆದುಹೋಯಿತೆಂದು ತಾನು ಭಾವಿಸಿದ್ದ ತನ್ನ ಅಂಗಿ, ಜ್ಯಾಕ್‌ನ ಅಂಗಿಯ ಒಳಗೆ ಸೇರಿಕೊಂಡಿತ್ತು.

2005ರಲ್ಲಿ ಆಂಗ್ ಲೀ ಇದನ್ನು ಸಿನೆಮಾ ಮಾಡಿದರು. ಮೂರು ಆಸ್ಕರ್ ಪ್ರಶಸ್ತಿಗಳೂ ಬಂದವು. ಆ ಮೇಲೆ ಲೇಖಕಿಗೆ ಒಂದು ವಿಚಿತ್ರ ಕಾಟ ಆರಂಭವಾಯಿತು. ಸಿನೆಮಾ ನೋಡಿದವರು ಕಥೆಯ ಕೊನೆಯನ್ನು ತಾವೇ ಬದಲಾಯಿಸಿ ಬರೆದು ಅವರಿಗೆ ಕಳುಹಿಸತೊಡಗಿದರು! ಜ್ಯಾಕ್ ಸಾಯಲಿಲ್ಲ ಎಂದೋ, ಎನಿಸ್‌ಗೆ ಇನ್ನೊಬ್ಬ ಒಳ್ಳೆಯ ಸಂಗಾತಿ ಸಿಕ್ಕಿದ ಎಂದೋ. ಈ ಕಥೆಯನ್ನು ಬರೆಯಲೇಬಾರದಿತ್ತು ಎನ್ನಿಸಿದೆ ಎಂದು ಅವರು 2009ರಲ್ಲಿ ‘ಪ್ಯಾರಿಸ್ ರಿವ್ಯೂ’ ಪತ್ರಿಕೆಯ ಸಂದರ್ಶನದಲ್ಲಿ ಬೇಸರದಿಂದ ಹೇಳಿದರು. ಕಥೆ ಇರುವುದು ಆ ಇಬ್ಬರ ಬಗ್ಗೆ ಮಾತ್ರವಲ್ಲ. ಆ ಊರಿನ ದ್ವೇಷದ ಬಗ್ಗೆ, ಆ ನೆಲದ ಬಗ್ಗೆ ಎಂಬುದು ಅವರ ವಾದ.

ಕನ್ನಡ ಪಂಡಿತನಾಗಿ ನಾನು ಲೇಖಕಿಯ ಪಕ್ಷ. ಹುಲಿ ಹಾರಿ ಪ್ರಾಣ ಬಿಡದಿದ್ದರೆ ಪುಣ್ಯಕೋಟಿಯ ಸತ್ಯಕ್ಕೆ ತೂಕವೆಲ್ಲಿ? ಆದರೆ ಆ ಓದುಗರನ್ನು ನೋಡಿ ನಗುವುದಕ್ಕೂ ಮನಸ್ಸು ಬರುತ್ತಿಲ್ಲ. ಕಥೆ ಪ್ರಕಟವಾದ ಮರುವರ್ಷವೇ, 1998ರ ಅಕ್ಟೋಬರದಲ್ಲಿ, ಅದೇ ವಯೋಮಿಂಗ್‌ನ ಲ್ಯಾರಮಿ ಎಂಬ ಊರಿನ ಹೊರಗೆ ಮ್ಯಾಥ್ಯೂ ಶೆಪರ್ಡ್ ಎಂಬ ವಿದ್ಯಾರ್ಥಿಯನ್ನು ಬೇಲಿಗೆ ಕಟ್ಟಿ ಸಾಯುವಂತೆ ಹೊಡೆದಿದ್ದರು. ನಿಜಜೀವನದ ಕೊನೆಯನ್ನು ಬದಲಾಯಿಸಲಾರದವನು ಕಥೆಯದನ್ನಾದರೂ ಬದಲಾಯಿಸಲು ಹೊರಟರೆ ಅದೇನು ಅಪರಾಧವೆ?

ಈ ಸಿನೆಮಾವನ್ನು ನಾನು ನೋಡಿದ್ದು 2007ರ ಬೇಸಗೆ ರಜೆಯಲ್ಲಿ, ಬೆಂಗಳೂರಿನ ತಂಗಿಯ ಮನೆಯಲ್ಲಿ. ಸೋದರಳಿಯ ಎಲ್ಲಿಂದಲೋ ಡಿ.ವಿ.ಡಿ. ತಂದಿದ್ದ. ಡೇರೆಯ ದೃಶ್ಯ ಬರುತ್ತಲೇ ಭಾವನವರಿಗೆ ಮರುದಿನ ಬೇಗ ಏಳಬೇಕೆಂಬುದು ನೆನಪಾಯಿತು. ತಂಗಿ ಒಣಗಿದ ಬಟ್ಟೆಗಳನ್ನು ಮಡಚಲು ತೊಡಗಿದಳು. ಮಡಚಿದ್ದನ್ನೇ ಮತ್ತೆ ಬಿಚ್ಚಿ ಮಡಚಿದಳು. ಕೊನೆಯ ತನಕ ಕುಳಿತವನು ನಾನೊಬ್ಬನೇ. ‘ಹೇಗಿತ್ತು ಮಾವ?’ ಎಂದು ಹುಡುಗ ಕೇಳಿದ. ‘ಗುಡ್ಡಗಳನ್ನು ಬಹಳ ಚೆನ್ನಾಗಿ ತೆಗೆದಿದ್ದಾರೆ’ ಎಂದೆ. ಅವನು ಮತ್ತೇನೂ ಕೇಳಲಿಲ್ಲ.

ನಮ್ಮ ದೇಶದಲ್ಲಿ ಇಂಥ ಕಥೆಗಳಿಗೆ ಬಂದ ಪ್ರತಿಕ್ರಿಯೆ ಎಂದರೆ ನಮಗೆ ನೆನಪಾಗುವುದು ಗಲಾಟೆ. ದೀಪಾ ಮೆಹ್ತಾ ಅವರ ‘ಫೈರ್’ 1998ರ ಕೊನೆಯಲ್ಲಿ ಇಲ್ಲಿ ಬಿಡುಗಡೆಯಾದಾಗ ಮುಂಬಯಿ, ದಿಲ್ಲಿಗಳಲ್ಲಿ ಚಿತ್ರಮಂದಿರಗಳ ಗಾಜು ಒಡೆದರು. ಚಿತ್ರ ಮತ್ತೆ ಸೆನ್ಸಾರ್ ಮಂಡಳಿಗೆ ಹೋಗಿ ಯಾವ ಕತ್ತರಿಯೂ ಇಲ್ಲದೆ ಹಿಂದಿರುಗಿತು. ಅದಕ್ಕೂ ಅರ್ಧ ಶತಮಾನ ಮೊದಲು, 1942ರಲ್ಲಿ, ಇಸ್ಮತ್ ಚುಗ್ತಾಯಿ ‘ಲಿಹಾಫ್’ ಎಂಬ ಉರ್ದು ಕಥೆ ಬರೆದು ಲಾಹೋರಿನ ನ್ಯಾಯಾಲಯಕ್ಕೆ ಅಲೆಯಬೇಕಾಯಿತು. ಲಿಹಾಫ್ ಎಂದರೆ ರಜಾಯಿ. ಗಂಡನ ಅನಾದರಕ್ಕೆ ಗುರಿಯಾದ ಬೇಗಮ್ ಮತ್ತು ಆಕೆಯ ಸೇವಕಿಯ ಕಥೆ ಅದು. ಬಹಳ ವರ್ಷಗಳ ಬಳಿಕ, ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕಥೆ ಬರೆದಿದ್ದರೋ ಆ ಬೇಗಮರೇ ಅಲಿಗಢದ ಒಂದು ಔತಣದಲ್ಲಿ ಎದುರಾದರಂತೆ. ಇಸ್ಮತ್ ಭಯದಿಂದ ಕಲ್ಲಾಗಿ ನಿಂತಿದ್ದರೆ ಆಕೆ ಬಂದು ಅಪ್ಪಿಕೊಂಡು, ತಾನು ಆ ಗಂಡನಿಂದ ಬಿಡುಗಡೆ ಪಡೆದು ಮರುಮದುವೆಯಾದುದನ್ನು ತಿಳಿಸಿ ತನ್ನ ಮಗನನ್ನು ತೋರಿಸಿದರಂತೆ. ಇದು ಇಸ್ಮತ್ ಅವರ ಆತ್ಮಕಥನದಲ್ಲಿದೆ. ತನ್ನದೇ ಬದುಕಿನ ಕೊನೆಯನ್ನು ಬದಲಾಯಿಸಿ ಬರೆದ ಓದುಗಳು!

ಗಲಾಟೆ ಮಾಡುವವರನ್ನು ಗುರುತಿಸುವುದು ಸುಲಭ. ನನಗೆ ಹೇಳಬೇಕಾಗಿರುವುದು ಗಾಜು ಒಡೆಯದ, ಕಾಗದ ಬರೆಯದ, ಸಭ್ಯ ಓದುಗನ ಬಗ್ಗೆ. ಕಥೆಯನ್ನು ಪೂರ್ತಿ ಓದಿ, ‘ಎಂಥ ಸ್ನೇಹ!’ ಎಂದು ತಲೆದೂಗಿ ಪುಸ್ತಕ ಮುಚ್ಚುವವನು ಇವನು. ಗುಡ್ಡಗಳನ್ನು ಹೊಗಳುವವನು. ಇವನನ್ನು ನಾನು ಬಹಳ ಹತ್ತಿರದಿಂದ ಬಲ್ಲೆ.

2014ರ ಮೂಡುಬಿದಿರೆಯ ನುಡಿಸಿರಿಯಲ್ಲಿ ಪುಸ್ತಕ ಮಳಿಗೆಗಳನ್ನು ಸುತ್ತುತ್ತಿದ್ದಾಗ ವಸುಧೇಂದ್ರರ ‘ಮೋಹನಸ್ವಾಮಿ’ ಕೈಗೆ ಬಂದಿತು. ಹಿಂದಿನ ವರ್ಷ ಪ್ರಕಟವಾಗಿದ್ದ ಕಥಾಸಂಕಲನ. ವಸುಧೇಂದ್ರರು ಸಂಡೂರಿನವರಾದರೂ ಎಂಜಿನಿಯರಿಂಗ್ ಓದಿದ್ದು ನಮ್ಮ ಸುರತ್ಕಲ್ಲಿನಲ್ಲಿ. ಅವರ ‘ನಮ್ಮಮ್ಮ ಅಂದ್ರೆ ನಂಗಿಷ್ಟ’ ಪ್ರಬಂಧಗಳನ್ನು ಬಿಡುವಿನ ಅವಧಿಗಳಲ್ಲಿ ನಾನೇ ನಿಮಗೆ ಓದಿ ಹೇಳಿದ್ದುಂಟು. ಅಂಥದೇ ನವುರು ಬರಹವೆಂದುಕೊಂಡು ತಂದು, ರಾತ್ರಿ ಓದಲು ಕುಳಿತೆ. ಜೊತೆಗೆ ಬದುಕಿದ್ದ ಗೆಳೆಯ ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿ ಪಡುವ ಸಂಕಟ ಅಲ್ಲಿತ್ತು. ‘ಎಂಥ ಸ್ನೇಹ’ ಎಂದು ನುಣುಚಿಕೊಳ್ಳಲು ಆ ಲೇಖಕ ಎಲ್ಲಿಯೂ ಸಂದು ಬಿಟ್ಟಿರಲಿಲ್ಲ. ಮೊದಲು ಬೇರೆ ಹೆಸರಿನಲ್ಲಿ ಕಥೆ ಪ್ರಕಟಿಸಿದ್ದವರು ಈಗ ತಮ್ಮದೇ ಹೆಸರಿನಲ್ಲಿ, ಇದು ನನ್ನ ಬದುಕೂ ಹೌದು ಎಂಬಂತೆ ನಿಂತಿದ್ದರು. ಪುಸ್ತಕ ಓದಿದ ಅನೇಕರು ತಮ್ಮನ್ನು ಹುಡುಕಿಕೊಂಡು ಬಂದು, ಎಂದೂ ಯಾರಲ್ಲಿಯೂ ಆಡದ ಮಾತುಗಳನ್ನು ಆಡಿಹೋದರೆಂದು ಆ ಮೇಲೆ ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ.

ಪುಸ್ತಕಕ್ಕೆ ವಾರ್ತಾಪತ್ರಿಕೆಯ ಹೊದಿಕೆ ಹಾಕಿ ಕಪಾಟಿನ ಹಿಂಬದಿಯಲ್ಲಿಟ್ಟೆ. ಮನೆಗೆ ಬರುವ ಹೋಗುವ ಮಕ್ಕಳ ಕಣ್ಣಿಗೆ ಬೀಳದಿರಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹಾಗಿರಲಿಲ್ಲ. ಆ ಪುಸ್ತಕ ನನಗೆ ಒಬ್ಬ ಹುಡುಗನ ನೋಟುಪುಸ್ತಕವನ್ನು ನೆನಪಿಸಿತ್ತು.

ತೊಂಬತ್ತರ ದಶಕದ ಮಾತು. ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿ ಹೇಳುತ್ತಿದ್ದೇನೆ. ‘ನನ್ನ ಗೆಳೆಯ’ ಎಂಬ ಪ್ರಬಂಧ ಬರೆಯಲು ಒಂಬತ್ತನೆಯ ತರಗತಿಗೆ ಹೇಳಿದ್ದೆ. ಎಲ್ಲರೂ ಗೈಡಿನಲ್ಲಿದ್ದಂತೆ ಬರೆದಿದ್ದರು: ಗೆಳೆಯ ಸತ್ಯವಂತ, ಗುರುಹಿರಿಯರಲ್ಲಿ ಭಕ್ತಿಯುಳ್ಳವನು ಇತ್ಯಾದಿ. ಇವನು ಮಾತ್ರ ತನ್ನದನ್ನೇ ಬರೆದಿದ್ದ. ಹೊಳೆಯಲ್ಲಿ ನೆರೆ ಬಂದು ಗೆಳೆಯ ಶಾಲೆಗೆ ಬಾರದ ದಿನ ಮಧ್ಯಾಹ್ನ ಬುತ್ತಿ ಬಿಚ್ಚಲು ಮನಸ್ಸಾಗುವುದಿಲ್ಲ, ಆ ಕಡೆಯ ದಂಡೆಯನ್ನೇ ನೋಡುತ್ತಾ ನಿಲ್ಲುತ್ತೇನೆ ಎಂದು ಬರೆದು, ಕೊನೆಗೆ ‘ನಾನು ಅವನನ್ನು ಪ್ರೀತಿಸುತ್ತೇನೆ’ ಎಂದಿದ್ದ. ನಾನು ಆ ಕ್ರಿಯಾಪದವನ್ನು ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ‘ಮೆಚ್ಚುತ್ತೇನೆ’ ಎಂದು ತಿದ್ದಿದೆ. ಎರಡು ಅಂಕ ಕಳೆದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ವ್ಯಾಕರಣದ ನೆವವಾದರೂ ಇರುತ್ತಿತ್ತು. ಆ ಪುಟವನ್ನು ಅಧ್ಯಾಪಕರ ಕೊಠಡಿಯಲ್ಲಿ ಓದಿ ತೋರಿಸಿದೆ. ನಕ್ಕರು, ನಾನೂ ನಕ್ಕೆ. ಮರುದಿನದಿಂದ ಅವರಿಬ್ಬರನ್ನು ಬೇರೆ ಬೇರೆ ಬೆಂಚುಗಳಲ್ಲಿ ಕೂರಿಸಿದೆ. ಹೆತ್ತವರ ಸಭೆಗೆ ಬಂದ ತಂದೆಯ ಕಿವಿಯಲ್ಲಿ, ‘ಹುಡುಗನ ಸಹವಾಸದ ಕಡೆ ಸ್ವಲ್ಪ ಗಮನ ಕೊಡಿ’ ಎಂದೆ. ಆ ಶಾಲಾ ವಾರ್ಷಿಕೋತ್ಸವದ ಯಕ್ಷಗಾನದಲ್ಲಿ ಅವನಿಗೆ ಮೊದಲೇ ಗೊತ್ತಾಗಿದ್ದ ದಮಯಂತಿಯ ವೇಷವನ್ನು ತಪ್ಪಿಸಿದವನೂ ನಾನೇ.

ನಮ್ಮ ಊರಿನ ವಿಚಿತ್ರ ನೋಡಿ. ಪಾತಾಳ ವೆಂಕಟರಮಣ ಭಟ್ಟರ, ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನು ಬೆಳಗಿನ ತನಕ ನಿದ್ದೆಗೆಟ್ಟು ನೋಡಿದವರು ನಾವು. ರಂಗದ ಮೇಲೆ ಗಂಡಸೊಬ್ಬ ಇನ್ನೊಬ್ಬ ಗಂಡಸಿನ ವಿರಹದಲ್ಲಿ ಅತ್ತರೆ ನಮ್ಮ ಕಣ್ಣಲ್ಲಿಯೂ ನೀರು. ಅದು ಕಲೆ, ಆ ಕಲಾವಿದರ ಅಭಿನಯದ ಹಿರಿಮೆ, ನಿಜ. ಆದರೆ ಬಣ್ಣವಿಲ್ಲದೆ, ಚೆಂಡೆಯಿಲ್ಲದೆ, ಹದಿನಾಲ್ಕು ವರ್ಷದ ಹುಡುಗನೊಬ್ಬ ಅದೇ ವಿರಹವನ್ನು ನಾಲ್ಕು ಗೆರೆಯಲ್ಲಿ ಬರೆದರೆ ನಮ್ಮ ಕೈ ಕೆಂಪು ಪೆನ್ನಿಗೆ ಹೋಗುತ್ತದೆ.

ಪತ್ರಿಕೆಗಳ ಭಾಷೆಯನ್ನೂ ಗಮನಿಸಿ. ಗಂಡುಹೆಣ್ಣು ಓಡಿಹೋದರೆ ಅವರು ‘ಪ್ರೇಮಿಗಳು’. ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರಾದರೆ ‘ಸಲಿಂಗಕಾಮಿಗಳು’. ಪ್ರೇಮ ಇದ್ದ ಕಡೆ ಕಾಮ ಬಂದು ಕೂತಿತು. ಒಂದೋ ಅದನ್ನು ಬರೀ ಕಾಮವೆಂದು ಹೀಗಳೆಯಬೇಕು, ಇಲ್ಲವೇ ಬರೀ ಸ್ನೇಹವೆಂದು ತೊಳೆದು ಶುದ್ಧ ಮಾಡಬೇಕು. ನಡುವಿನ ಸರಳ ಪದವೊಂದನ್ನು ಮಾತ್ರ ಅವರಿಗೆ ಕೊಡಲು ನಮಗೆ ಜೀವ ಬಾರದು. 2015ರಲ್ಲಿ ‘ನಾನು ಅವನಲ್ಲ... ಅವಳು’ ಚಿತ್ರ ಬಂದಾಗ ಸಂಚಾರಿ ವಿಜಯ್ ಅವರ ಅಭಿನಯವನ್ನು ನಾವೆಲ್ಲ ಹೊಗಳಿದೆವು. ರಾಷ್ಟ್ರಪ್ರಶಸ್ತಿ ಬಂದುದಕ್ಕೆ ಹೆಮ್ಮೆಪಟ್ಟೆವು. ಅದು ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥನವನ್ನು ಆಧರಿಸಿದ್ದು. ಗಂಡಾಗಿ ಹುಟ್ಟಿ ತಾನು ಹೆಣ್ಣೆಂದು ಅರಿತವರ ಕಥೆ. ಎರಡೂ ಒಂದೇ ಎಂದು ತಿಳಿದು ನನ್ನ ಬಂಧುಗಳೊಬ್ಬರು, ‘ಆಪರೇಷನ್ ಮಾಡಿಸಿದರೆ ಮುಗಿಯಿತಲ್ಲ’ ಎಂದಿದ್ದರು. ಮೋಹನಸ್ವಾಮಿಗೆ ಯಾವ ಆಪರೇಷನ್ನೂ ಬೇಕಿಲ್ಲ. ಅವನು ಗಂಡಸು, ಗಂಡಸನ್ನು ಪ್ರೀತಿಸುವವನು, ಅಷ್ಟೆ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಪ್ರಾಪ್ತ ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ತೀರ್ಪಿತ್ತಿತು. ಅದೇ ವಾರ ಅವನ ದೂರವಾಣಿ ಕರೆ ಬಂದಿತು. ಪೂನಾದಲ್ಲಿ ಉದ್ಯೋಗ. ಕುಶಲ ಸಮಾಚಾರವಾದ ಮೇಲೆ, ‘ಸರ್, ಮೋಹನಸ್ವಾಮಿ ಓದಿದ್ದೀರಾ?’ ಎಂದ. ಓದಿದ್ದೇನೆ ಎಂದೆ. ‘ನನಗೆ ನಿಮ್ಮ ಕೆಂಪು ಪೆನ್ನು ನೆನಪಾಯಿತು’ ಎಂದ. ದೂರಿನ ಧ್ವನಿಯಾಗಿರಲಿಲ್ಲ, ಹಾಗಾಗಿದ್ದರೆ ಉತ್ತರಿಸುವುದು ಸುಲಭವಾಗುತ್ತಿತ್ತು. ನಾನು ತಪ್ಪಾಯಿತು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದು ಉಪಕಾರ ಮಾಡುತ್ತೀರಾ ಸರ್?’ ಎಂದು ಕೇಳಿದ. ಊರಿನಲ್ಲಿ ತಾಯಿ ಹೆಣ್ಣು ನೋಡುತ್ತಲೇ ಇದ್ದಾರೆ. ಅವರಿಗೆ ನಿಮ್ಮ ಮಾತಿನಲ್ಲಿ ವಿಶ್ವಾಸವಿದೆ. ನೀವು ಹೋಗಿ ನಿಧಾನವಾಗಿ ವಿಷಯ ತಿಳಿಸಬೇಕು.

ಆಗಲಿ ಎಂದೆ. ಹೋಗಲಿಲ್ಲ. ಅವರ ಮನೆ ಬಂಟ್ವಾಳದ ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಎರಡು ಸಲ ಅಂಗಿ ಹಾಕಿ ಹೊರಟವನು ಬಿ.ಸಿ. ರೋಡಿನಿಂದ ಹಿಂದಿರುಗಿದೆ. ಏನೆಂದು ಆರಂಭಿಸುವುದು, ಯಾವ ಪದ ಬಳಸುವುದು ಎಂದು ಮೂವತ್ತು ವರ್ಷ ಕನ್ನಡ ಕಲಿಸಿದವನಿಗೆ ಹೊಳೆಯಲಿಲ್ಲ. ಆ ಮೇಲೆ ಕೋವಿಡ್ ಬಂದಿತು. 2021ರಲ್ಲಿ ಆ ತಾಯಿ ತೀರಿಕೊಂಡರು. ಮಗನಿಗೆ ಯಾವುದೋ ಜಾತಕದೋಷವಿರಬೇಕು ಎಂದು ಕೊನೆಯ ತನಕ ನಾಗನಿಗೆ ತಂಬಿಲ ಹೇಳಿಕೊಳ್ಳುತ್ತಿದ್ದರಂತೆ.

ಇಷ್ಟನ್ನು ಬರೆಯಬೇಕಾಗಿ ಬಂದುದಕ್ಕೆ ಕಾರಣವಿದೆ. ಕಳೆದ ತಿಂಗಳು ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಇಂಥ ಕಥೆ, ಸಿನೆಮಾಗಳಿಂದಲೇ ಮಕ್ಕಳು ಕೆಡುತ್ತಾರೆ ಎಂಬ ಚರ್ಚೆ ನಡೆಯಿತು. ನನ್ನ ಹಳೆಯ ವಿದ್ಯಾರ್ಥಿಗಳೇ, ಈಗ ತಂದೆತಾಯಿಯರಾದವರು, ನನ್ನ ಅಭಿಪ್ರಾಯ ಕೇಳಿದರು. ಪಾಯಸ ಬಡಿಸುತ್ತಿದ್ದರು, ನಾನು ನಕ್ಕು ತಪ್ಪಿಸಿಕೊಂಡೆ. ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನನ್ನ ಹುಡುಗ ಆ ಪ್ರಬಂಧ ಬರೆದಾಗ ‘ಬ್ರೋಕ್‌ಬ್ಯಾಕ್’ ಪ್ರಕಟವಾಗಿರಲಿಲ್ಲ, ‘ಫೈರ್’ ನಮ್ಮ ದೇಶಕ್ಕೆ ಬಂದಿರಲಿಲ್ಲ, ‘ಮೋಹನಸ್ವಾಮಿ’ಗೆ ಇನ್ನೂ ಹದಿನೈದಕ್ಕಿಂತ ಹೆಚ್ಚು ವರ್ಷ ಬಾಕಿಯಿತ್ತು. ಅವನು ಓದಿದ್ದು ನಾನು ಕಲಿಸಿದ ಪಾಠಗಳನ್ನು ಮಾತ್ರ. ಆ ವಾಕ್ಯ ಅವನದೇ.

ಹೊದಿಕೆ ತೆಗೆದು ಪುಸ್ತಕವನ್ನು ಈಗ ಮುಂದಿನ ಸಾಲಿನಲ್ಲಿಟ್ಟಿದ್ದೇನೆ. ಬೇಕಾದವರು ಒಯ್ಯಬಹುದು, ಹಿಂದಿರುಗಿಸಬೇಕು. 2023ರ ಅಕ್ಟೋಬರದಲ್ಲಿ ಸುಪ್ರೀಂ ಕೋರ್ಟು ಇಂಥವರ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲವಾದುದರಿಂದ ಅವನ ಜೊತೆಗಿರುವವರನ್ನು ಕಾಗದಪತ್ರದಲ್ಲಿ ಏನೆಂದು ಕಾಣಿಸುವುದೆಂಬ ತೊಡಕು ಅವನಿಗೆ ಈಗಲೂ ಇದೆ. ಮನೆ ಬಾಡಿಗೆಯ ಕರಾರಿನಲ್ಲಿ ‘ಸ್ನೇಹಿತ’ ಎಂದು ಬರೆದಿದ್ದಾರಂತೆ. ಬರುವ ಆಟಿಯಲ್ಲಿ ಇಬ್ಬರೂ ಊರಿಗೆ ಬರುವವರಿದ್ದಾರೆ, ಎರಡು ದಿನ ನಮ್ಮಲ್ಲಿಯೇ ತಂಗುತ್ತಾರೆ. ಪತ್ರೊಡೆಗೆ ಕೆಸುವಿನ ಎಲೆ ಎಷ್ಟು ಬೇಕಾದೀತೆಂದು ನನ್ನಾಕೆ ಈಗಲೇ ಹಿತ್ತಿಲಿಗೆ ಹೋಗಿ ನೋಡಿಬಂದಿದ್ದಾಳೆ.