ರೈಲಿನ ಮೋಟರು, ತೋಟದ ಮೋಟರು

ಕಳೆದ ಬೇಸಿಗೆಯಲ್ಲಿ ಭರಮಸಾಗರದ ನಮ್ಮ ತೋಟದ ಬೋರಿನ ಮೋಟರು ಸುಟ್ಟುಹೋಯ್ತು. ಮೇಲೆತ್ತಿಸಿ ವೈಂಡಿಂಗ್ ಅಂಗಡಿಗೆ ಹಾಕಿ ವಾರವಾದರೂ ಸರದಿ ಬಂದಿರಲಿಲ್ಲ. ಅಡಿಕೆ ಸಸಿಗಳು ಬಾಡ್ತಾ ಇದ್ದವು. ಅಪ್ಪ ಫೋನ್ ಮಾಡಿ, "ನೀನು ರೈಲಿನ ಮೋಟರಿಗೇ ಲೆಕ್ಕ ಹಾಕೋನಲ್ಲೇನೋ, ಇದ್ಯಾಕೆ ಸುಟ್ತು ಹೇಳು ನೋಡಾನ" ಅಂದ್ರು.

ನನ್ನ ಕೆಲಸ ಅದೇ. ರೈಲಿನ ಮೋಟರ್ ಒಳಗೆ ಎಷ್ಟು ಕರೆಂಟು ಬಿಸಿಯಾಗಿ ಪೋಲಾಗುತ್ತೆ ಅಂತ ಕಂಪ್ಯೂಟರಿನಲ್ಲಿ ಮಾದರಿ ಮಾಡೋದು. 300 ಕಿಲೋವ್ಯಾಟ್ ಕೊಡೋ ಮೋಟರಿನ ದಕ್ಷತೆ ಶೇ. 95 ಅಂತಿಟ್ಕೊಳ್ಳಿ. ಕೇಳೋಕೆ ಚೆನ್ನಾಗಿದೆ. ಆದರೆ ಉಳಿದ ಶೇ. 5 ಅಂದ್ರೆ ಸುಮಾರು 16 ಕಿಲೋವ್ಯಾಟ್, ಬಕೆಟ್ಟಿಗೆ ಹಾಕೋ ಹೀಟರ್ ಕಾಯಿಲ್ ಹದಿನಾರು ಒಟ್ಟಿಗೆ ಉರಿದ ಹಾಗೆ!

ಈ ಬಿಸಿ ಹುಟ್ಟೋದು ಹಲವು ಕಡೆ. ತಾಮ್ರದ ತಂತಿಯಲ್ಲಿ ಕರೆಂಟಿನ ವರ್ಗಕ್ಕೆ ತಕ್ಕಂತೆ, ಕರೆಂಟು ಶೇ. 20 ಏರಿದರೆ ಬಿಸಿ ಶೇ. 44 ಏರುತ್ತೆ. ಕಬ್ಬಿಣದ ತಿರುಳಿನಲ್ಲಿ ಕಾಂತಕ್ಷೇತ್ರ ದಿಕ್ಕು ಬದಲಿಸಿದಷ್ಟೂ ಬಿಸಿ. ಇದಕ್ಕೆ ಸ್ಟೈನ್‌ಮೆಟ್ಜ್ 1892ರಲ್ಲಿ ಕೊಟ್ಟ ಸೂತ್ರವನ್ನೇ ತಿದ್ದಿತೀಡಿ ಇವತ್ತಿಗೂ ಬಳಸ್ತೀವಿ. ಬೇರಿಂಗ್, ಗಾಳಿಯ ತಿಕ್ಕಾಟ ಬೇರೆ. ಎಲ್ಲಕ್ಕಿಂತ ತಲೆನೋವು ಇನ್ವರ್ಟರಿನದು. ಅದು ಕೊಡೋ ಕರೆಂಟು ನುಣುಪಾಗಿರಲ್ಲ, ಕತ್ತರಿಸಿ ಜೋಡಿಸಿದ್ದು. ಆ ಏರಿಳಿತಗಳೂ ಬಿಸಿಯಾಗಿಯೇ ಹೋಗ್ತವೆ.

ವೇಗ ಹೆಚ್ಚಿದಾಗ ಇದೆಲ್ಲ ಇನ್ನೂ ಬಿಗಿ. ಬೆಂಗಳೂರಿನ ಬಿಇಎಂಎಲ್‌ಗೆ 2024ರ ಅಕ್ಟೋಬರಿನಲ್ಲಿ ಎರಡು ಹೈಸ್ಪೀಡ್ ರೈಲುಗಳ ಆರ್ಡರ್ ಸಿಕ್ಕಿತಲ್ಲ, ಅವುಗಳ ವಿನ್ಯಾಸದ ವೇಗ ಗಂಟೆಗೆ 280 ಕಿ.ಮೀ. 160ರಿಂದ 280ಕ್ಕೆ ಹೋದರೆ ಗಾಳಿಯ ತಡೆ ಮೂರು ಪಟ್ಟು, ಅದನ್ನು ಸೀಳೋಕೆ ಬೇಕಾದ ಪವರ್ ಐದು ಪಟ್ಟಿಗೂ ಮೇಲೆ. ಮೋಟರನ್ನು ಐದು ಪಟ್ಟು ದೊಡ್ಡದು ಮಾಡಿ ಗಾಲಿ ಮಧ್ಯೆ ತುರುಕೋಕಾಗಲ್ಲ.

ಅಪ್ಪನ ಪ್ರಶ್ನೆಗೆ ಉತ್ತರ ಇಷ್ಟೇ: ವೋಲ್ಟೇಜು ಬಿದ್ದರೂ ಪಂಪು ಎತ್ತಬೇಕಾದ ನೀರು ಅಷ್ಟೇ, ಹಾಗಾಗಿ ಮೋಟರು ಹೆಚ್ಚು ಕರೆಂಟು ಎಳೀತು. ತಂತಿ ಕಾಯ್ತು. ಕಾದ ತಾಮ್ರದ ತಡೆ ಇನ್ನೂ ಹೆಚ್ಚು. 20 ಡಿಗ್ರಿಯಿಂದ 120ಕ್ಕೆ ಹೋದರೆ ಶೇ. 39ರಷ್ಟು. ಅದರಿಂದ ಮತ್ತಷ್ಟು ಬಿಸಿ.

ಇಷ್ಟು ಹೇಳ್ತಾ ಹೇಳ್ತಾ ನನಗೇ ಚುರುಕ್ ಅಂತು. ಆ ವಾರ ನಾನು ಆಫೀಸಿನಲ್ಲಿ ಒಪ್ಪಿಸಿದ್ದ ಮಾದರಿಯಲ್ಲಿ ತಂತಿಯ ತಡೆಯನ್ನು 20 ಡಿಗ್ರಿಯದ್ದೇ ಇಟ್ಟುಬಿಟ್ಟಿದ್ದೆ. ಗ್ರಾಫು ಅಷ್ಟು ಚಂದ ಬಂದಿದ್ದು ಅದಕ್ಕೇ! ರಾತ್ರಿಯೇ ಲ್ಯಾಪ್‌ಟಾಪ್ ತೆಗೆದೆ. ಬಿಸಿಗೆ ತಕ್ಕಂತೆ ತಡೆ, ತಡೆಗೆ ತಕ್ಕಂತೆ ಬಿಸಿ, ಎರಡೂ ಒಂದು ಕಡೆ ನಿಲ್ಲೋವರೆಗೆ ಸುತ್ತಿಸಿದೆ. ದೂರದ ಏರಿನಲ್ಲಿ ಮೋಟರು ನಾನು ತೋರಿಸಿದ್ದಕ್ಕಿಂತ ತುಂಬಾ ಬೇಗ ಮಿತಿ ಮುಟ್ಟುತ್ತಿತ್ತು. ಬೆಳಗ್ಗೆ ಮ್ಯಾನೇಜರಿಗೆ ಹೇಳೋವಾಗ ನಾಲಿಗೆ ಒಣಗಿತ್ತು.

ತೋಟದ ಮೋಟರು ಹತ್ತನೇ ದಿನಕ್ಕೆ ಬಂತು. ಈಗ ಸ್ಟಾರ್ಟರಿಗೆ ಲೋ ವೋಲ್ಟೇಜ್ ಕಟಾಫ್ ಹಾಕಿಸಿದ್ದೀವಿ. ಮಾತುಮಾತಿಗೂ ಟ್ರಿಪ್ ಆಗುತ್ತೆ ಅಂತ ಅಪ್ಪ ನನ್ನನ್ನೇ ಬೈತಾರೆ.